ಹಳೇ ಗಾಡಿಗೆ ಥರ್ಡ್ ಪಾರ್ಟಿ ಸಾಕೆ?

"ಹಳೇ ಗಾಡಿ ಸಾರ್, ಸುಮ್ನೆ ಯಾಕೆ ದುಡ್ಡು ದಂಡ? ಥರ್ಡ್ ಪಾರ್ಟಿ ಹಾಕ್ಸಿಬಿಡಿ, ಸಾಕು." ಪದ್ಮಿನಿ, ಅಂಬಾಸಿಡರ್, ವಿಲ್ಲಿಸ್ ಜೀಪು ಇಟ್ಟುಕೊಂಡವರು ಪ್ರತಿ ವರ್ಷ ಪಾಲಿಸಿ ನವೀಕರಣದ ಹೊತ್ತಿಗೆ ಕೇಳುವ ಮಾತಿದು. ಏಜೆಂಟರು ಹೇಳುತ್ತಾರೆ, ಗ್ಯಾರೇಜಿನ ಮೇಸ್ತ್ರಿ ಹೌದೆನ್ನುತ್ತಾರೆ, ಮನೆಯವರಿಗೂ ಅದೇ ಸರಿ ಎನಿಸುತ್ತದೆ. ಇದರ ಬೆನ್ನಿಗೆ ಇನ್ನೂ ಮೂರು ಬುದ್ಧಿಮಾತು ಬರುತ್ತವೆ. ಇಂಥ ಗಾಡಿಯನ್ನು ದೂರ ಓಡಿಸಬೇಡಿ. ಎಂಜಿನ್, ಬಾಡಿ ಬದಲಿಸಿದ್ದರೆ ಕಂಪನಿಗೆ ಹೇಳಲು ಹೋಗಬೇಡಿ. ತಲೆನೋವೇ ಬೇಡವೆಂದರೆ ವಿಂಟೇಜ್ ನಂಬರ್ ಮಾಡಿಸಿಬಿಡಿ.

ಈ ನಾಲ್ಕೂ ಮಾತು ತಪ್ಪೆಂದು ವಾದಿಸುವುದಕ್ಕೆ ಈ ಲೇಖನ. ಕೈಯಿಂದ ಕಟ್ಟಿದ, ಮರುಕಟ್ಟಿದ ಹಳೆಯ ಕಾರಿಗೆ ಯೋಗ್ಯವಾದ ವಿಮೆ ನಮ್ಮ ದೇಶದಲ್ಲಿ ಸಿಗುವುದೇ ಇಲ್ಲ ಎಂಬ ನಂಬಿಕೆ ಇವೆಲ್ಲದರ ತಳದಲ್ಲಿದೆ. ಆದರೆ ಅದಕ್ಕೆ ಬೇಕಾದ ಮುಖ್ಯ ಸಾಲು ನಮ್ಮ ಸಾಮಾನ್ಯ ಕಾರ್ ಪಾಲಿಸಿಯಲ್ಲೇ ಅಚ್ಚಾಗಿದೆ. ಅದನ್ನು ಓದುವವರಿಲ್ಲ, ಕೇಳುವವರಿಲ್ಲ, ಬರೆಯಿಸಿಕೊಳ್ಳುವವರಂತೂ ಇಲ್ಲವೇ ಇಲ್ಲ.

ಮೊದಲು ಗಾಡಿಯ ಮಾತು. ಹಳೆಯ ಕಾರು ಎಂದೊಡನೆ ಕಂಪನಿಯಿಂದ ಬಂದ ಹಾಗೇ ಉಳಿದದ್ದಕ್ಕೆ ಮಾತ್ರ ಬೆಲೆ, ಕೈ ಆಡಿಸಿದ್ದು ಕೆಟ್ಟಿತು ಎಂದು ನಾವು ಭಾವಿಸುತ್ತೇವೆ. ಕಾರಿನ ಚರಿತ್ರೆ ಹಾಗಿಲ್ಲ. ಎರಡನೇ ಮಹಾಯುದ್ಧದವರೆಗೆ ರೋಲ್ಸ್-ರಾಯ್ಸ್ ಮಾರುತ್ತಿದ್ದುದು ಎಂಜಿನ್ ಕೂರಿಸಿದ ಚಾಸಿಯನ್ನು. ಮೈಮೇಲಿನ ಬಾಡಿಯನ್ನು ಕೊಂಡವರ ಇಷ್ಟದಂತೆ ಹೂಪರ್, ಬಾರ್ಕರ್‌ನಂಥ ಕಾರ್ಖಾನೆಗಳು ಕಟ್ಟಿಕೊಡುತ್ತಿದ್ದವು. ನಮ್ಮ ಕಡೆ ಮದರಾಸಿನ ಸಿಂಪ್ಸನ್ ಕಂಪನಿಗೂ ಇದೇ ಕಸುಬಿತ್ತು. ಸಂಸ್ಥಾನಗಳ ಮೆರವಣಿಗೆಯಲ್ಲಿ ಕಂಡ ದೊಡ್ಡ ಕಾರುಗಳಲ್ಲಿ ಎಷ್ಟೋ ಹೀಗೆ ಹೇಳಿ ಮಾಡಿಸಿದವು. ಶ್ರೀರಂಗಪಟ್ಟಣದ ಬಳಿಯ 'ಪಯಣ' ಕಾರು ಸಂಗ್ರಹಾಲಯಕ್ಕೆ ಹೋಗಿ ನಿಧಾನವಾಗಿ ನೋಡಿದವರಿಗೆ, ಹಳೆಯ ಕಾರಿನಲ್ಲಿ ಕಮ್ಮಾರನ, ಬಡಗಿಯ, ಹೊಲಿಗೆಯವನ ಕೈ ಎಷ್ಟಿದೆ ಎಂಬುದು ತಾನಾಗಿ ತಿಳಿಯುತ್ತದೆ.

ಮಲೆನಾಡಿನ ಜೀಪುಗಳದೂ ಇದೇ ಕಥೆ. ಪೆಟ್ರೋಲ್ ಕುಡಿಯುವ ವಿಲ್ಲಿಸ್‌ಗೆ ಡೀಸೆಲ್ ಎಂಜಿನ್ ಕೂರಿಸಿ, ತೋಟದ ರಸ್ತೆಗೂ ಮಳೆಗೂ ತಕ್ಕ ಹಾಗೆ ಹುಡ್ಡು, ಸೀಟು, ಬಂಪರ್ ಮಾಡಿಸಿಕೊಂಡವರು ಕೊಡಗು, ಚಿಕ್ಕಮಗಳೂರು, ಸಕಲೇಶಪುರದಲ್ಲಿ ಊರೂರಿಗೂ ಇದ್ದಾರೆ. ಬೆಂಗಳೂರಿನಲ್ಲಿ ತುಕ್ಕು ತಿಂದ ಪದ್ಮಿನಿಯೊಂದನ್ನು ತಂದು, ತಳದ ತಗಡಿನಿಂದ ಹಿಡಿದು ಸೀಟಿನ ಬಟ್ಟೆಯವರೆಗೆ ಹೊಸದಾಗಿ ಮಾಡಿಸುವವರೂ ಈಗ ಹೆಚ್ಚಿದ್ದಾರೆ. ಇಂಥ ಗಾಡಿಗೆ ಕೊಂಡ ಬೆಲೆ ಕಡಿಮೆ, ಕಟ್ಟಿದ ಬೆಲೆ ಬಹಳ. ಆ ಕಟ್ಟಿದ ಬೆಲೆ ಕಾಗದದ ಮೇಲೆ ಎಲ್ಲೂ ಇರುವುದಿಲ್ಲ. ತೊಂದರೆಯ ಮೂಲ ಅಲ್ಲಿದೆ.

ಈಗ ಪಾಲಿಸಿಗೆ ಬರೋಣ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆಯನ್ನು. ಅದು ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಸಾವು, ಗಾಯ, ನಷ್ಟಕ್ಕೆ. ನಮ್ಮ ಗಾಡಿಗೆ ಒಂದು ರೂಪಾಯಿಯೂ ಇಲ್ಲ. ನಮ್ಮ ಗಾಡಿಗೆ ಬೇಕಾದರೆ 'ಓನ್ ಡ್ಯಾಮೇಜ್' ಭಾಗವೂ ಇರಬೇಕು. ಅದರ ಜೀವ ಇರುವುದು ಐಡಿವಿ ಎಂಬ ಅಂಕಿಯಲ್ಲಿ, ಅಂದರೆ ಗಾಡಿಯ ಘೋಷಿತ ಬೆಲೆಯಲ್ಲಿ. ಹೊಸ ಕಾರಿಗೆ ಈ ಬೆಲೆ ವರ್ಷ ವರ್ಷ ಲೆಕ್ಕದಂತೆ ಇಳಿಯುತ್ತದೆ: ನಾಲ್ಕು ವರ್ಷ ದಾಟಿ ಐದರ ಒಳಗಿದ್ದರೆ ಶೇ. 50 ಸವಕಳಿ. ಆ ಪಟ್ಟಿ ಅಲ್ಲಿಗೆ ಮುಗಿಯುತ್ತದೆ. ಐದು ವರ್ಷ ಮೀರಿದ ಗಾಡಿಗೆ, ತಯಾರಿಕೆ ನಿಂತುಹೋದ ಮಾಡೆಲ್‌ಗೆ ಐಡಿವಿಯನ್ನು ವಿಮೆ ಕಂಪನಿಯೂ ಮಾಲೀಕರೂ ಪರಸ್ಪರ ಒಪ್ಪಿ ನಿರ್ಧರಿಸಬೇಕು ಎನ್ನುತ್ತದೆ 2002ರ ಮೋಟಾರ್ ಟ್ಯಾರಿಫ್‌ನಿಂದ ಬಂದ ಪಾಲಿಸಿಯ ಒಕ್ಕಣೆ. ಹಾಗೆ ನಿಂತ ಬೆಲೆಯನ್ನೇ ಪಾಲಿಸಿಯ ಅವಧಿ ಪೂರ್ತಿ, ಮತ್ತೆ ಸವಕಳಿ ಕಳೆಯದೆ, ಪೂರ್ಣ ನಷ್ಟದ ಕ್ಲೇಮಿಗೆ ಮಾರುಕಟ್ಟೆ ಬೆಲೆ ಎಂದು ಪರಿಗಣಿಸಬೇಕು ಎಂದೂ ಅದೇ ಒಕ್ಕಣೆ ಹೇಳುತ್ತದೆ.

ಅಮೆರಿಕದಲ್ಲಿ ಹ್ಯಾಗರ್ಟಿಯಂಥ ಕಂಪನಿಗಳು ಹಳೆಯ ಕಾರಿಗೆ 'ಒಪ್ಪಿದ ಬೆಲೆ'ಯ ವಿಮೆಯನ್ನೇ ಮುಖ್ಯ ವ್ಯವಹಾರ ಮಾಡಿಕೊಂಡಿವೆ. ಅದು ಇಲ್ಲಿಲ್ಲ ಎಂದು ಕೊರಗುವವರು ತಮ್ಮ ಪಾಲಿಸಿಯ ಈ ಎರಡು ವಾಕ್ಯ ಓದಲಿ. ಪೂರ್ಣ ನಷ್ಟದ ಮಟ್ಟಿಗೆ ನಮ್ಮಲ್ಲಿರುವುದೂ ಒಪ್ಪಿದ ಬೆಲೆಯೇ. ಆ ಒಪ್ಪಂದಕ್ಕೆ ಮಾಲೀಕರು ಕೂರುವುದಿಲ್ಲ ಅಷ್ಟೆ. ಏಜೆಂಟರು ಬರೆದ ಮೂವತ್ತೋ ನಲವತ್ತೋ ಸಾವಿರಕ್ಕೆ ರುಜು ಹಾಕಿ ಬರುತ್ತಾರೆ.

ಹಾಗೆ ರುಜು ಹಾಕಿದರೆ ಏನಾಗುತ್ತದೆ? ಒಂದು ಲೆಕ್ಕ ನೋಡಿ. 1089 ಸಿಸಿಯ ಪದ್ಮಿನಿ, ಕಟ್ಟಲು 8 ಲಕ್ಷ ಖರ್ಚಾಗಿದೆ, ಪಾಲಿಸಿಯಲ್ಲಿ ಐಡಿವಿ 40,000 ಎಂದಿದೆ ಎಂದಿಟ್ಟುಕೊಳ್ಳಿ. ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಎಡಗಡೆ ತಡೆಗೋಡೆಗೆ ತಾಗಿ ಮಡ್‌ಗಾರ್ಡ್, ಬಾಗಿಲು ನುಗ್ಗಾದವು. ರಿಪೇರಿಗೆ 50,000: ಲೋಹದ ಭಾಗಗಳಿಗೆ 12,000, ಕೂಲಿ 28,000, ಪೇಂಟಿಂಗ್ 10,000. ಹತ್ತು ವರ್ಷ ಮೀರಿದ ಗಾಡಿಯಾದ್ದರಿಂದ ಲೋಹದ ಭಾಗಕ್ಕೆ ಶೇ. 50 ಸವಕಳಿ, 6,000 ಹೋಯಿತು. ಪೇಂಟಿಂಗ್ ಬಿಲ್ಲಿನ ಕಾಲು ಭಾಗವನ್ನು ಸಾಮಗ್ರಿ ಎಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ, 1,250 ಹೋಯಿತು. ಕಡ್ಡಾಯ ಕಡಿತ 1,000. ಉಳಿದದ್ದು 41,750. ಪಾಲಿಸಿಯ ಷರತ್ತಿನಂತೆ ರಿಪೇರಿಯ ಲೆಕ್ಕ ಐಡಿವಿಯ ಶೇ. 75 ಮೀರಿದರೆ ಗಾಡಿ ಪೂರ್ಣ ನಷ್ಟ. 40,000ದ ಮುಕ್ಕಾಲು 30,000. ಅಲ್ಲಿಗೆ ಎರಡು ತಿಂಗಳಲ್ಲಿ ಸರಿಯಾಗಬಹುದಾಗಿದ್ದ ಗಾಡಿ ಕಾಗದದ ಮೇಲೆ ಗುಜರಿಯಾಯಿತು. ಅದೇ ಐಡಿವಿ 8 ಲಕ್ಷ ಇದ್ದಿದ್ದರೆ 41,750 ಕೈಗೆ ಬಂದು ಗಾಡಿ ಮತ್ತೆ ರಸ್ತೆಗಿಳಿಯುತ್ತಿತ್ತು. ಥರ್ಡ್ ಪಾರ್ಟಿ ಮಾತ್ರ ಇದ್ದಿದ್ದರೆ ಪೂರ್ತಿ ಐವತ್ತು ಸಾವಿರವೂ ಕಿಸೆಯಿಂದಲೇ.

"ಅರ್ಧ ಸವಕಳಿ ಕಳೆಯುತ್ತಾರಲ್ಲ, ಹಾಗಿರುವಾಗ ಫುಲ್ ಇನ್ಶೂರೆನ್ಸ್‌ನಿಂದ ಏನು ಪ್ರಯೋಜನ?" ಎಂಬುದು ಇದಕ್ಕೆ ಬರುವ ಗಟ್ಟಿ ಪ್ರಶ್ನೆ. ಹೊಸ ಕಾರು ರಿಪೇರಿ ಆಗುವುದನ್ನಷ್ಟೇ ಕಂಡವರ ಪ್ರಶ್ನೆ ಇದು. ಹೊಸ ಕಾರಿಗೆ ಪೆಟ್ಟು ಬಿದ್ದರೆ ಭಾಗವನ್ನು ಡಬ್ಬಿಯಿಂದ ತೆಗೆದು ಕೂರಿಸುತ್ತಾರೆ. ಬಿಲ್ಲಿನ ಬಹುಪಾಲು ಭಾಗದ ಬೆಲೆ. ಪದ್ಮಿನಿಯ ಮಡ್‌ಗಾರ್ಡ್ ಅಂಗಡಿಯಲ್ಲಿ ಸಿಗುವುದಿಲ್ಲ. ಟಿಂಕರಿಂಗ್ ಶೆಡ್ಡಿನಲ್ಲಿ ನಿಂತು ನೋಡಿ. ಮೇಸ್ತ್ರಿ ಬಲಗಡೆಯ ಒಳ್ಳೆಯ ಮಡ್‌ಗಾರ್ಡಿಗೆ ರಟ್ಟು ಒತ್ತಿ ಅಳತೆ ತೆಗೆಯುತ್ತಾರೆ, ಅದನ್ನು ತಿರುವಿ ಎಡಕ್ಕೆ ಗುರುತು ಹಾಕಿಕೊಳ್ಳುತ್ತಾರೆ. ತಗಡನ್ನು ಕತ್ತರಿಸಿ, ಮರಳಿನ ಚೀಲದ ಮೇಲಿಟ್ಟು ಕೊಡತಿಯಿಂದ ತಟ್ಟಿ ತಟ್ಟಿ ಬಾಗಿಸುತ್ತಾರೆ. ಹೆಡ್‌ಲೈಟಿನ ಸುತ್ತಿನ ಉಬ್ಬು ಬರುವವರೆಗೆ ಗಾಡಿಗೆ ಹಿಡಿದು ನೋಡುವುದು, ಮತ್ತೆ ತಟ್ಟುವುದು. ದಿನಗಟ್ಟಲೆ ಕೆಲಸ. ಅದರಲ್ಲಿ ತಗಡಿನ ಬೆಲೆ ಎಷ್ಟು? ತೀರ ಕಡಿಮೆ. ಉಳಿದದ್ದೆಲ್ಲ ಕೂಲಿ.

ಕೂಲಿಗೆ ಸವಕಳಿ ಇಲ್ಲ. ಕೈಯಿಂದ ಕಟ್ಟಿದ ಗಾಡಿಯ ಮಾಲೀಕರು ನೆನಪಿಡಬೇಕಾದ ಮಾತಿದು. ಇದೇ ಐವತ್ತು ಸಾವಿರವನ್ನು ಶೆಡ್ಡಿನವರು 'ಮಡ್‌ಗಾರ್ಡ್, ಬಾಗಿಲು' ಎಂದು ಒಂದೇ ಸಾಲಿನಲ್ಲಿ ಬರೆದುಕೊಟ್ಟರೆ ಸರ್ವೇಯರ್ ಅದನ್ನು ಭಾಗದ ಬೆಲೆ ಎಂದು ಓದಿ ಅರ್ಧ ಕಳೆಯಬಹುದು. ಆಗ ಸಿಗುವುದು 24,000. ತಗಡಿಗೆ ಎಷ್ಟು, ಕೂಲಿಗೆ ಎಷ್ಟು, ಬಣ್ಣಕ್ಕೆ ಎಷ್ಟು ಎಂದು ಇದ್ದದ್ದನ್ನು ಇದ್ದ ಹಾಗೇ ಬಿಡಿಸಿ ಬರೆದರೆ 41,750. ಹಳೆಯ ಗಾಡಿಗೆ ಕಂಪನಿ ಏನೂ ಕೊಡುವುದಿಲ್ಲ ಎಂಬ ದೂರಿನ ಹಿಂದೆ ಇಂಥ ಬಿಲ್ಲುಗಳ ಪಾಲೂ ಇದೆ.

ಎರಡನೆಯದು, ದೂರ ಓಡಿಸಬೇಡಿ ಎಂಬ ಮಾತು. ನಿಂತ ಗಾಡಿ ಕ್ಷೇಮ ಎಂದುಕೊಳ್ಳುವುದರಲ್ಲಿ ಎರಡು ತಪ್ಪಿವೆ. ಯಂತ್ರದ ಮಟ್ಟಿಗೆ ನೋಡಿದರೆ, ನಿಂತಷ್ಟೂ ಕೆಡುವ ವಸ್ತು ಕಾರು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿ ಸಿಲಿಂಡರ್ ತುಕ್ಕು ಹಿಡಿಯುತ್ತದೆ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಗಟ್ಟಿಯಾಗಿ ಜೆಟ್ ಕಟ್ಟುತ್ತದೆ, ಟೈರು ನೆಲಕ್ಕೊತ್ತಿದ ಕಡೆ ಚಪ್ಪಟೆಯಾಗುತ್ತದೆ, ಇಲಿ ವೈರು ಕಡಿಯುತ್ತದೆ. ಈಗ ಬಂಕಿನಲ್ಲಿ ಸಿಗುವ ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರ್ ಪೈಪನ್ನು ಮೆತ್ತಗೆ ಮಾಡಿ ಸೋರಿಸಿದರೆ ಬೆಂಕಿಯ ಅಪಾಯವೂ ಉಂಟು. ಓಡುವ ಗಾಡಿಯಲ್ಲಿ ಇವೆಲ್ಲ ಬೇಗ ಕಣ್ಣಿಗೆ ಬೀಳುತ್ತವೆ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಸ್ಪರ್ಧೆಗೆ ಬರುವ ಕೋಟಿಗಟ್ಟಲೆ ಬೆಲೆಯ ಕಾರುಗಳಲ್ಲಿ ಎರಡಕ್ಕೆ ಸಮ ಅಂಕ ಬಂದರೆ, ಪ್ರದರ್ಶನಕ್ಕೆ ಮುನ್ನ ರಸ್ತೆಯ ಪಯಣ ಮುಗಿಸಿದ ಕಾರಿಗೇ ಗೆಲುವು.

ಇನ್ನು ವಿಮೆಯ ಮಟ್ಟಿಗೆ ನೋಡಿ. ಬೆಂಕಿ, ಕಳ್ಳತನ, ಪ್ರವಾಹಕ್ಕೆ ಗಾಡಿ ಓಡಬೇಕಿಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಪೂರ್ವ ಭಾಗದಲ್ಲಿ ಮುಳುಗಿದ ಎಷ್ಟೋ ಕಾರುಗಳು ಮನೆಯ ಬೇಸ್‌ಮೆಂಟಿನಲ್ಲಿ ನಿಂತಿದ್ದವು. ಥರ್ಡ್ ಪಾರ್ಟಿ ಪಾಲಿಸಿ ಇವಕ್ಕೆ ಏನನ್ನೂ ಕೊಡುವುದಿಲ್ಲ. ಓನ್ ಡ್ಯಾಮೇಜ್ ಪಾಲಿಸಿಯಲ್ಲಿ ಬೆಂಕಿ, ಕಳ್ಳತನ, ಪ್ರವಾಹದ ಜೊತೆಗೆ ಗುಡ್ಡ ಕುಸಿತ, ಬಂಡೆ ಉರುಳುವುದು ಕೂಡ ಹೆಸರಿಟ್ಟು ಸೇರಿವೆ. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಇಳಿಯುವವರಿಗೆ, 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದನ್ನು ಕಂಡವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಮೂರನೆಯದು ಎಲ್ಲಕ್ಕಿಂತ ಅಪಾಯದ ಮಾತು: ಬದಲಾವಣೆ ಹೇಳಬೇಡಿ. ಇಲ್ಲಿ ಕಾನೂನನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೊದಲು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ನಿಯಮ ಮೀರಿದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲು ಬಂತು. ಆದ್ದರಿಂದ ಚಾಸಿ ಕತ್ತರಿಸಿ ಉದ್ದ ಮಾಡಿದ, ಬಾಡಿಯ ಕಟ್ಟನ್ನೇ ಬೇರೆ ಮಾಡಿದ ಗಾಡಿಯ ಪರವಾಗಿ ನಾನು ವಾದಿಸುತ್ತಿಲ್ಲ. ಅಂಥದ್ದಕ್ಕೆ ಯಾವ ಪಾಲಿಸಿಯೂ ಆಸರೆಯಾಗದು. ಆದರೆ ಆರ್‌ಟಿಓ ಅನುಮತಿ ಪಡೆದು ಎಂಜಿನ್ ಬದಲಿಸಿದ, ಆರ್‌ಸಿಯಲ್ಲಿ ಎಂಜಿನ್ ನಂಬರ್, ಇಂಧನ, ಬಣ್ಣ ಸರಿಯಾಗಿ ಏರಿಸಿದ ಗಾಡಿಗಳು ಸಾವಿರಾರಿವೆ. ಮುಚ್ಚಿಡುವ ಚಾಳಿ ಇವರಿಗೂ ಅಂಟಿದೆ.

ಮುಚ್ಚಿಟ್ಟರೆ ಉಳಿಯುವುದು ಪ್ರೀಮಿಯಂನಲ್ಲಿ ಸ್ವಲ್ಪ ಹಣ. ಹೋಗುವುದು ಕ್ಲೇಮಿನ ಹಕ್ಕು. ಮುಖ್ಯ ಸಂಗತಿಯನ್ನು ಮರೆಮಾಚಿ ಪಡೆದ ಪಾಲಿಸಿ ಅನೂರ್ಜಿತ ಎಂದು ವಾದಿಸಲು ಥರ್ಡ್ ಪಾರ್ಟಿ ಪ್ರಕರಣದಲ್ಲೂ ಕಾಯ್ದೆ ಕಂಪನಿಗೆ ಅವಕಾಶ ಕೊಟ್ಟಿದೆ. ಪಾಲಿಸಿ ಷರತ್ತು ಮುರಿದ ಪ್ರಕರಣಗಳಲ್ಲಿ ಕಂಪನಿ ಮೊದಲು ಸಂತ್ರಸ್ತರಿಗೆ ಹಣ ಕೊಟ್ಟು, ಆಮೇಲೆ ಅದನ್ನು ಮಾಲೀಕರಿಂದ ವಸೂಲಿ ಮಾಡುವ ಕ್ರಮವನ್ನು 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿವರಿಸಿದೆ. ಒಂದು ಸಾವಿನ ಪರಿಹಾರ ಎಷ್ಟು ಲಕ್ಷಕ್ಕೆ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. "ಹೇಳಿದರೆ ಕಂಪನಿ ಪಾಲಿಸಿಯನ್ನೇ ಕೊಡುವುದಿಲ್ಲ" ಎನ್ನುವವರಿಗೆ ನನ್ನ ಉತ್ತರ ಇಷ್ಟೆ: ಪಯಣಕ್ಕೆ ಮೊದಲು ಒಂದು ಕಂಪನಿ ಇಲ್ಲ ಎಂದರೆ ಇನ್ನೊಂದರ ಬಾಗಿಲು ತಟ್ಟಬಹುದು. ಅಪಘಾತದ ಮೇಲೆ ಇಲ್ಲ ಎಂದರೆ ಹೋಗಲು ಜಾಗವಿಲ್ಲ.

ನಾಲ್ಕನೆಯದು ವಿಂಟೇಜ್ ನಂಬರ್. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ 50 ವರ್ಷ ಮೀರಿದ, ಮೂಲ ರೂಪದಲ್ಲಿರುವ ಗಾಡಿಗೆ 'ವಿಎ' ಸೇರಿದ ಬೇರೆ ನಂಬರ್ ಸಿಗುತ್ತದೆ. ನೋಂದಣಿ ಶುಲ್ಕ 20,000, ಅವಧಿ 10 ವರ್ಷ. 2022ರಿಂದ ವಿಂಟೇಜ್ ಎಂದು ನೋಂದಾಯಿಸಿದ ಖಾಸಗಿ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂನಲ್ಲಿ ಶೇ. 50 ರಿಯಾಯಿತಿಯೂ ಇದೆ. ಸಂಗ್ರಹಕ್ಕೆ ಇದು ಒಳ್ಳೆಯದು. ದೂರ ಓಡಿಸುವವರಿಗೆ ಇದು ಸರಿಹೋಗುವುದಿಲ್ಲ. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿದ್ದರೆ ಈ ನಂಬರ್ ಸಿಗುವುದಿಲ್ಲ; ಡೀಸೆಲ್ ಎಂಜಿನ್ನಿನ ಮಲೆನಾಡ ಜೀಪು ಅಲ್ಲಿಗೇ ಹೊರಗೆ. ನಂಬರ್ ಸಿಕ್ಕರೂ ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಇಂಧನ, ದುರಸ್ತಿ ಇಂಥ ಕಾರಣಕ್ಕೆ ಮಾತ್ರ ರಸ್ತೆಗೆ ಬರಬಹುದು. ಮನೆಯವರನ್ನು ಕೂರಿಸಿಕೊಂಡು ಹಂಪಿಗೆ ಹೋಗಿಬರುವುದು ಈ ಪಟ್ಟಿಯಲ್ಲಿಲ್ಲ. ಅರ್ಧ ಪ್ರೀಮಿಯಂ ಉಳಿಸಲು ಹೋಗಿ ಓಡಿಸುವ ಹಕ್ಕನ್ನೇ ಬಿಟ್ಟುಕೊಟ್ಟಂತಾಗುತ್ತದೆ. ಪಯಣ ಇಷ್ಟಪಡುವವರು ಸಾಮಾನ್ಯ ನೋಂದಣಿಯನ್ನೇ ಐದು ವರ್ಷಕ್ಕೊಮ್ಮೆ ನವೀಕರಿಸಿಕೊಂಡು ಹೋಗುವುದು ಮೇಲು.

ದೂರದ ಪಯಣಕ್ಕೆ ಹೊರಡುವ ಮುನ್ನ ಪಾಲಿಸಿಯಲ್ಲಿ ಇನ್ನೂ ನಾಲ್ಕು ಕಡೆ ಕಣ್ಣಾಡಿಸಬೇಕು. ಯಾಂತ್ರಿಕ, ವಿದ್ಯುತ್ ಕೆಟ್ಟುಹೋಗುವಿಕೆಗೆ ಪಾಲಿಸಿಯಲ್ಲಿ ಹಣವಿಲ್ಲ. ಗೇರ್‌ಬಾಕ್ಸ್ ಕೈಕೊಟ್ಟರೆ ಅದು ಮಾಲೀಕರದೇ ಖರ್ಚು. ಅಪಘಾತವಾದ ಖಾಸಗಿ ಕಾರನ್ನು ಎಳೆದೊಯ್ಯಲು ಸಾಮಾನ್ಯ ಪಾಲಿಸಿ ಕೊಡುವುದು 1,500 ರೂಪಾಯಿ ಮಾತ್ರ. ಆ ಹಣಕ್ಕೆ ಸಕಲೇಶಪುರದಿಂದ ಬೆಂಗಳೂರಿಗೆ ಯಾವ ಟೋಯಿಂಗ್ ಗಾಡಿಯೂ ಬರುವುದಿಲ್ಲ, ಹತ್ತಿರದ ಪೇಟೆಯ ಗ್ಯಾರೇಜಿನಲ್ಲಿ ಪದ್ಮಿನಿಯ ಕೆಲಸ ಬಲ್ಲವರು ಸಿಗುವುದೂ ಖಾತರಿಯಿಲ್ಲ. ಹೆಚ್ಚಿನ ಟೋಯಿಂಗ್ ಮಿತಿಯನ್ನು ಕೇಳಿ ಬರೆಯಿಸಿಕೊಳ್ಳಬೇಕು. ಮೂರನೆಯದಾಗಿ, ರೇಸು, ವೇಗಪರೀಕ್ಷೆ, 'ರಿಲಯಬಿಲಿಟಿ ಟ್ರಯಲ್' ಪಾಲಿಸಿಯಿಂದ ಹೊರಗಿವೆ. ಸಮಯ ಹಿಡಿದು ಅಂಕ ಕೊಡುವ ರ‍್ಯಾಲಿಗೆ ಹೋಗುವವರು ಮೊದಲೇ ರ‍್ಯಾಲಿಯ ಎಂಡಾರ್ಸ್‌ಮೆಂಟ್ ಹಾಕಿಸಬೇಕು. ಕೊನೆಯದು, ಪಾಲಿಸಿ ನಡೆಯುವುದು ಭಾರತದೊಳಗೆ ಮಾತ್ರ. ನೇಪಾಳ, ಭೂತಾನ್‌ಗೆ ಬೇರೆ ಪ್ರೀಮಿಯಂ ಕಟ್ಟಿ ವಿಸ್ತರಿಸಿಕೊಳ್ಳಬೇಕು.

ಇಷ್ಟೆಲ್ಲ ಮಾಡಿಸಿದರೆ ಖರ್ಚು ಹೆಚ್ಚಲ್ಲವೇ? ಹೆಚ್ಚು, ಸುಳ್ಳು ಹೇಳುವುದಿಲ್ಲ. ಹತ್ತು ವರ್ಷ ಮೀರಿದ ಕಾರಿಗೆ ಹಳೆಯ ಟ್ಯಾರಿಫ್‌ನಲ್ಲಿ ಓನ್ ಡ್ಯಾಮೇಜ್ ದರ ಐಡಿವಿಯ ಶೇ. 3.5ರ ಆಸುಪಾಸಿನಲ್ಲಿತ್ತು, 8 ಲಕ್ಷಕ್ಕೆ ಸುಮಾರು 28,000. 2007ರಿಂದ ಈ ದರವನ್ನು ಕಂಪನಿಗಳೇ ನಿಗದಿ ಮಾಡುತ್ತವೆ, ಅಂದರೆ ಮಾತಾಡಿ ಇಳಿಸಲು ಜಾಗವಿದೆ. ಕ್ಲೇಮಿಲ್ಲದೆ ಐದು ವರ್ಷ ಕಳೆದರೆ ನೋ ಕ್ಲೇಮ್ ಬೋನಸ್ ಶೇ. 50ಕ್ಕೆ ಏರುತ್ತದೆ. ಸಣ್ಣಪುಟ್ಟ ಪೆಟ್ಟನ್ನು ನಾವೇ ಹೊರುತ್ತೇವೆಂದು ಒಪ್ಪಿದರೆ ಇನ್ನೂ ಇಳಿಯುತ್ತದೆ. 2022ರ ಜುಲೈನಿಂದ ಓಡಿದ ಕಿಲೋಮೀಟರಿನ ಲೆಕ್ಕದಲ್ಲಿ ಪ್ರೀಮಿಯಂ ಕಟ್ಟುವ ಪಾಲಿಸಿಗೂ ವಿಮಾ ನಿಯಂತ್ರಣ ಪ್ರಾಧಿಕಾರ ಅವಕಾಶ ಕೊಟ್ಟಿದೆ. ವರ್ಷಕ್ಕೆ ಒಂದೆರಡು ದೊಡ್ಡ ಪಯಣ ಮಾತ್ರ ಮಾಡುವ ಹಳೆಯ ಕಾರಿಗೆ ಇದಕ್ಕಿಂತ ಒಪ್ಪುವ ಲೆಕ್ಕ ಇನ್ನೊಂದಿಲ್ಲ.

ಆದರೆ ಹಲವು ಕಂಪನಿಗಳ ಆನ್‌ಲೈನ್ ಅರ್ಜಿಗಳಲ್ಲಿ ಪದ್ಮಿನಿ, ಕಂಟೆಸ್ಸಾದ ಹೆಸರೇ ಪಟ್ಟಿಯಲ್ಲಿ ಬರುವುದಿಲ್ಲ. ಇದು ವಿಮೆ ಕಂಪನಿಗಳ ತಪ್ಪು. ಒಪ್ಪಿ ನಿರ್ಧರಿಸುವ ಬೆಲೆ ಎಂದು ಒಕ್ಕಣೆಯಲ್ಲಿ ಅಚ್ಚು ಹಾಕಿಸಿ, ಒಪ್ಪಲು ಮನುಷ್ಯರನ್ನೇ ಕೂರಿಸದಿದ್ದರೆ ಆ ವಾಕ್ಯಕ್ಕೆ ಅರ್ಥವಿಲ್ಲ. ಹಳೆಯ ಗಾಡಿ ಬಲ್ಲ ಒಬ್ಬ ಸರ್ವೇಯರ್, ಬೆಲೆ ಕಟ್ಟುವ ಒಂದು ಸ್ಪಷ್ಟ ಕ್ರಮ, ವಯಸ್ಸಿನ ಹೆಸರಿನಲ್ಲಿ ಆಡ್-ಆನ್‌ಗಳನ್ನು ಸಾರಾಸಗಟಾಗಿ ನಿರಾಕರಿಸದಿರುವುದು: ಇಷ್ಟನ್ನು ಪ್ರಾಧಿಕಾರ ಕೇಳಿ ಮಾಡಿಸಬೇಕು. 2021ರ ವಿಂಟೇಜ್ ನಿಯಮದಲ್ಲೂ ವಿಹಾರದ ಪಯಣಕ್ಕೆ ವರ್ಷಕ್ಕಿಷ್ಟು ದಿನ ಎಂದು ಅವಕಾಶ ಸೇರಿಸಬೇಕು. ಕಟ್ಟಿದವರ ಕೈಕೆಲಸ ಗ್ಯಾರೇಜಿನ ಬಟ್ಟೆಯಡಿ ಕೊಳೆಯುವುದಕ್ಕಿಂತ ರಸ್ತೆಯಲ್ಲಿ ಬಾಳಲಿ.

ಅಲ್ಲಿಯವರೆಗೆ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಗಾಡಿಗೆ ಮಾಡಿದ ಖರ್ಚಿನ ಬಿಲ್ಲುಗಳನ್ನೂ ಫೋಟೋಗಳನ್ನೂ ಒಟ್ಟುಮಾಡಿ. ಮಾನ್ಯತೆ ಪಡೆದ ಮೌಲ್ಯಮಾಪಕರಿಂದ ಬೆಲೆಯ ವರದಿ ಪಡೆಯಿರಿ. ಆರ್‌ಸಿಯ ವಿವರವನ್ನು ಗಾಡಿಯ ಮೇಲಿನ ನಂಬರುಗಳ ಜೊತೆ ಹೊಂದಿಸಿ ನೋಡಿ. ಎಲ್ಲ ಬದಲಾವಣೆಗಳನ್ನೂ ಪತ್ರದಲ್ಲಿ ಬರೆದು ಕಂಪನಿಯ ಶಾಖೆಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ, ಐಡಿವಿ ಎಷ್ಟೆಂದು ನೀವೇ ಹೇಳಿ. ಕ್ಲೇಮಿನಲ್ಲಿ ಅನ್ಯಾಯವಾದರೆ ಬೆಂಗಳೂರಿನಲ್ಲೇ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ; ಅಲ್ಲಿ ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಇಷ್ಟು ಮಾಡಿದ ಮೇಲೆ ಗಾಡಿಯನ್ನು ಧೈರ್ಯವಾಗಿ ಓಡಿಸಿ.